ಮನೆತನದ ವ್ಯಾಧಿಯೂ ಮನಸ್ಸಿನ ಚಿಂತೆಯೂ



ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ಗುಡಿಯ ಮುಂದೆ ಒಂದು ಕಲ್ಲುಕಂಬವುಂಟು. ಕದಂಬ ರಾಜರ ವಂಶವು ಮಯೂರಶರ್ಮನಿಂದ ಹಿಡಿದು ಹೇಗೆ ನಡೆದು ಬಂತೆಂಬದನ್ನು ಕುಬ್ಜನೆಂಬ ಕವಿಯು ಅದರ ಮೇಲೆ ಸಂಸ್ಕೃತ ಪದ್ಯಗಳಲ್ಲಿ ಬರೆದಿದ್ದಾನೆ. ತಂದೆತಾತಂದಿರಿಂದ ಬಂದ ಕೀರ್ತಿಯನ್ನು ಜನರು ಹೀಗೆ ಕಲ್ಲಿನಲ್ಲಿ ಕೆತ್ತಿಸುತ್ತಾರೆ. ಅವರಿಂದಲೇ ಬಂದ ವ್ಯಾಧಿಯನ್ನಾದರೋ ನೆರೆಮನೆಯ ಕಿವಿಗೂ ಬೀಳದಂತೆ ಮುಚ್ಚಿಡುತ್ತಾರೆ. ಮುಚ್ಚಿಡುವದು ನ್ಯಾಯವೋ, ಅದರ ಚಿಂತೆಯನ್ನು ಒಬ್ಬನು ಹೇಗೆ ಹೊರತಕ್ಕದ್ದು ಎಂಬದನ್ನು ಈ ಸಾರಿ ಆಲೋಚಿಸೋಣ.

ನೆರೆಯ ಸಾಗರ ತಾಲೂಕಿನಲ್ಲಿ ಹಂದಿಗೋಡು ಎಂಬ ಊರಿದೆ. ಅಲ್ಲಿಯ ಬಡ ಕೂಲಿಕಾರರ ಮನೆಗಳಲ್ಲಿ ಸೊಂಟವೂ ಮೊಣಕಾಲೂ ನೊಂದು, ಬಾಗಿ, ಕೋಲೂರಿ ನಡೆಯುವವರು ಅನೇಕರಿದ್ದಾರೆಂದು 1975ರ ಸುಮಾರಿಗೆ ಹೊರಗಿನವರಿಗೆ ತಿಳಿದುಬಂತು. ಗದ್ದೆಗೆ ಹೊಡೆದ ಕೀಟನಾಶಕದ ವಿಷವು ಏಡಿಗಳ ಮೂಲಕ ಅವುಗಳನ್ನು ತಿಂದವರ ಮೈ ಸೇರಿತೆಂದು ಮೊದಲು ಸಂದೇಹಪಟ್ಟರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ಮನೆತನಗಳನ್ನು ವಿಚಾರಿಸಿ ನೋಡಿದ ಮೇಲೆ, ಇದು ಹೆತ್ತವರಿಂದ ಮಕ್ಕಳಿಗೆ ಇಳಿಯುವ ಎಲುಬುಕೀಲುಗಳ ವ್ಯಾಧಿಯೆಂದು ಗೊತ್ತಾಯಿತು. ಹೆತ್ತವರಲ್ಲಿ ಒಬ್ಬರಿಗಿದ್ದರೂ ಸಾಕು. ಹುಟ್ಟುವ ಒಂದೊಂದು ಮಗುವಿಗೂ ಅದು ಬರುವದೂ ಬಾರದಿರುವದೂ ಸಮಸಮ. ಅಣ್ಣನಿಗೆ ಬಂತೆಂದು ತಮ್ಮನು ಪಾರಾಗುವದಿಲ್ಲ, ಅಣ್ಣನು ಉಳಿದನೆಂದು ತಮ್ಮನಿಗೆ ಅದು ಕಟ್ಟಿಟ್ಟದ್ದೂ ಅಲ್ಲ. ನೋವನ್ನು ತಗ್ಗಿಸಬಹುದೇ ಹೊರತು ಬೇರನ್ನು ಕೀಳುವ ಔಷಧವಿಲ್ಲ.

ಆದರೆ ವಂಶದಿಂದ ಇಳಿಯುವದೆಲ್ಲಾ ಒಂದೇ ಬಗೆಯದಲ್ಲ. ಮೈಯೂ ಕೂದಲೂ ಹುಟ್ಟಿನಿಂದಲೇ ಬೆಳ್ಳಗಿದ್ದು, ಬೆಳಕಿಗೆ ಕಣ್ಣು ಬಿಡಲಾರದ ಮಕ್ಕಳನ್ನು ನೀವು ನೋಡಿರಬಹುದು. ಇದು ತೊನ್ನೂ ಅಲ್ಲ, ಕುಷ್ಠವೂ ಅಲ್ಲ, ಗ್ರಹಣದ ದೋಷವೂ ಅಲ್ಲ, ಮುಟ್ಟಿದರೆ ಅಂಟುವದಿಲ್ಲ. ತಂದೆತಾಯಿಗಳಿಬ್ಬರೂ ತಮಗೇ ತಿಳಿಯದೆ ಆ ಕೊರತೆಯನ್ನು ಹೊತ್ತಿದ್ದರೆ, ಒಂದೊಂದು ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಸಂಭವವುಂಟು. ಸೋದರಮಾವನಿಗೂ ಅತ್ತೆಯ ಮಗನಿಗೂ ಹೆಣ್ಣು ಕೊಡುವ ನಮ್ಮ ನಾಡಿನ ವಾಡಿಕೆಯಿಂದ ಅಂಥ ಇಬ್ಬರು ಕೂಡುವದು ಹೆಚ್ಚುತ್ತದೆ. ಚರ್ಮದ ಕಪ್ಪುಬಣ್ಣವೇ ಬಿಸಿಲಿಗೆ ಮರೆ. ಅದಿಲ್ಲದವನು ದಿನವೆಲ್ಲಾ ಗದ್ದೆಯಲ್ಲಿ ದುಡಿದರೆ ಚರ್ಮದ ಕ್ಯಾನ್ಸರಿನ ಅಪಾಯವು ಬಹಳ. ಇಲ್ಲಿಯಾದರೋ ಮಾಡತಕ್ಕ ಕೆಲಸವುಂಟು: ತೋಳು ಮುಚ್ಚುವ ಅಂಗಿ, ಅಗಲಂಚಿನ ಟೋಪಿ (ಹಾಳೆಟೊಪ್ಪಿಯು ಕಿವಿಯನ್ನೂ ಕುತ್ತಿಗೆಯನ್ನೂ ಕಾಯದು), ನಡುಹಗಲಲ್ಲಿ ನೆರಳು, ಮಾಯದೆ ಉಳಿದ ಹುಣ್ಣನ್ನು ತಡಮಾಡದೆ ಡಾಕ್ಟರಿಗೆ ತೋರಿಸುವದು. ಅಂಥ ಮಗುವಿಗೆ ಕಣ್ಣು ಸಾಲದೆಂದು ಶಾಲೆ ಬಿಡಿಸಿ ದನ ಕಾಯಲು ಕಳುಹಿಸುವವರುಂಟು. ಇದಕ್ಕಿಂತ ಕೆಟ್ಟ ಯೋಚನೆ ಬೇರಿಲ್ಲ. ನೆರಳಿನಲ್ಲಿ ಕುಳಿತು ದುಡಿಯುವ ವಿದ್ಯೆ ಬೇಕಾದದ್ದು ಆ ಮಗುವಿಗೇ ಮೊದಲು.

ಹೀಗಿರಲಾಗಿ ಚಿಂತೆಯು ಒಂದು ಮನೆಯಲ್ಲಿ ಕೆಲಸವಾಗಿ ತಿರುಗಬಲ್ಲದು, ಇನ್ನೊಂದರಲ್ಲಿ ತಿರುಗಲಾರದು. ತಿರುಗಲಾರದ ಚಿಂತೆಯನ್ನು ಬಚ್ಚಿಟ್ಟರೆ ಅದು ಶಾಪವೆಂದೂ ಹಿರಿಯರ ಪಾಪವೆಂದೂ ರೂಪ ತಾಳುತ್ತದೆ. ಹುಟ್ಟುಕುರುಡನನ್ನು ಕುರಿತು ಶಿಷ್ಯರು ಕೇಳಿದ ಪ್ರಶ್ನೆಯನ್ನು ನಾವು ಬಲ್ಲೆವು, ಅದಕ್ಕೆ ದೊರೆತ ಉತ್ತರವನ್ನೂ ಬಲ್ಲೆವು; ಆದರೂ ಕೇಳುವದನ್ನು ಬಿಟ್ಟಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಮದುವೆಯ ಮಾತು. ಹೆಣ್ಣಿನ ಮನೆಯವರಿಗೆ ಹೇಳಿದರೆ ಸಂಬಂಧವು ಖಂಡಿತವಾಗಿ ಮುರಿಯುವದು, ಹೇಳದಿದ್ದರೆ ವ್ಯಾಧಿಯು ಮೊಮ್ಮಕ್ಕಳಿಗೆ ಬರುವದೆಂಬದೇನೂ ಖಂಡಿತವಲ್ಲ ಎಂದು ಹುಡುಗನ ತಂದೆಯು ವಾದಿಸಬಹುದು. ಈ ವಾದವು ಸುಳ್ಳಲ್ಲ. ಆದರೆ ಆ ಮಕ್ಕಳನ್ನು ಹೆತ್ತು ಸಾಕತಕ್ಕವಳು ಹುಡುಗಿ. ಅವಳು ಅರಿಯದೆ ಅವಳ ಬಾಳನ್ನು ಪಣಕ್ಕೊಡ್ಡುವ ಅಧಿಕಾರವು ಯಾರಿಗೂ ಇಲ್ಲ. ಆದ ಕಾರಣ ಹೇಳಲೇಬೇಕೆಂದು ನಮ್ಮ ಅಭಿಪ್ರಾಯ. ಅದೇ ನ್ಯಾಯದಿಂದ, ವ್ಯಾಧಿಯುಳ್ಳವನು ಮದುವೆಯಾಗಲೇ ಬಾರದೆಂದು ವಿಧಿಸುವದಕ್ಕೆ ಊರ ಪಂಚಾಯಿತಿಗಾಗಲಿ ಸಭೆಯ ಹಿರಿಯರಿಗಾಗಲಿ ಅಧಿಕಾರವಿಲ್ಲ. ತಿಳಿದು ಒಪ್ಪಿದ ಇಬ್ಬರ ನಿರ್ಣಯವು ಅವರದೇ. ಸಂಬಂಧ ತಪ್ಪಿದರೆ ನಷ್ಟವೆಲ್ಲಾ ನಿಜ ಹೇಳಿದವನಿಗೇ ಆಗುತ್ತದೆಂಬದು ಕಠಿಣವಾದ ಸಂಗತಿ. ಆ ಮಾತನ್ನು ಕೇಳಿದವರು ಅದನ್ನು ಊರೆಲ್ಲಾ ಸಾರದಿರುವದಾದರೂ ಅವರಿಂದ ಅವನಿಗೆ ಸಲ್ಲತಕ್ಕ ಋಣ.

ಇನ್ನು ಮಕ್ಕಳಿಗೆ ಯಾವಾಗ ಹೇಳತಕ್ಕದ್ದು? ಬಿಳಿಮೈಯ ಮಗುವಿಗೆ ಟೋಪಿಯನ್ನು ತಲೆಗಿಡುವ ವಯಸ್ಸಿನಲ್ಲೇ ಅದರ ಕಾರಣವನ್ನೂ ಹೇಳಬೇಕು. ಎಲುಬಿನ ವ್ಯಾಧಿಯುಳ್ಳ ಮನೆಯ ಮಗುವಿಗೆ, ಅಜ್ಜನು ಏಕೆ ಕೋಲೂರುತ್ತಾನೆಂದು ಅದು ತಾನಾಗಿ ಕೇಳಿದ ದಿವಸ ಹೇಳಿದರೆ ಸಾಕು.