ಪಾರ್ಲರ್ ಬಿಲ್ಲು ಯಾರ ಹೆಸರಿಗೆ?

ಮಾರ್ಕನ ಸುವಾರ್ತೆ 14ನೇ ಅಧ್ಯಾಯ ತೆಗೀರಿ, 3ರಿಂದ 9ನೇ ವಚನ. ಮೊಬೈಲ್‌ನಾಗ ಬೈಬಲ್ ಇದ್ದವರು ಅಲ್ಲೇ ತೆಗೀರಿ, ವಾಟ್ಸಾಪ್ ಮಾತ್ರ ಬ್ಯಾಡ.

ಹೋದ ಯುವಜನರ ಕೂಟದಾಗ ಒಬ್ಬ ತಮ್ಮ ಕೇಳಿದ: "ಪಾಸ್ಟರ್, ಹೆಣ್ಮಕ್ಕಳು ಕ್ರೀಮು, ಫೇಶಿಯಲ್ಲು, ಥ್ರೆಡಿಂಗು ಅಂತ ಎಷ್ಟು ರೊಕ್ಕ ಹಾಕ್ತಾರ್ರಿ! ಇದು ಪಾಪ ಅಲ್ಲೇನ್ರಿ?" ಹುಡುಗರೆಲ್ಲ ನಕ್ಕರು, ಹುಡುಗಿಯರು ತಲೆ ತಗ್ಗಿಸಿದರು. ಪ್ರಶ್ನೆ ಒಳ್ಳೇದು. ಆದರೆ ಆ ಬಿಲ್ಲನ್ನ ಯಾರ ಹೆಸರಿಗೆ ಬರೀಬೇಕು? ಇವತ್ತು ಅದನ್ನ ನೋಡೋಣ.

ಬೇಥಾನ್ಯದಲ್ಲಿ, ಸೀಮೋನನ ಮನೆಯಲ್ಲಿ, ಒಬ್ಬ ಹೆಣ್ಣುಮಗಳು ಭರಣಿ ಒಡೆದು ಜಟಾಮಾಂಸಿ ತೈಲವನ್ನು ಯೇಸುವಿನ ತಲೆಯ ಮೇಲೆ ಸುರಿದಳು. ಊಟಕ್ಕೆ ಕೂತವರು ಕೂಡಲೇ ಲೆಕ್ಕ ಹಾಕಿದರು: 300 ದಿನಾರಿಗೂ ಮೇಲೆ! ಆಗಿನ ಕಾಲದ ಕೂಲಿಯವನ ದಿನದ ಸಂಬಳ ಒಂದು ದಿನಾರಿ. ಅಂದ್ರೆ ಹತ್ತಿರ ಹತ್ತಿರ ಒಂದು ವರ್ಷದ ದುಡಿಮೆ. ಅವರು ಆಕೆಯನ್ನ ಬೈದರು. ಯೇಸು ಬೈದವರನ್ನ ತಡೆದನು. ಆಕೆ ಅದನ್ನ ತನ್ನ ಮುಖಕ್ಕೆ ಹಚ್ಚಿಕೊಳ್ಳಲಿಲ್ಲ, ಕರ್ತನಿಗೆ ಅರ್ಪಿಸಿದಳು. ಅದಕ್ಕೇ ಈ ಭಾಗದಿಂದ ಪಾರ್ಲರ್‌ಗೆ ಲೈಸೆನ್ಸ್ ತಗೋಬ್ಯಾಡ್ರಿ. ಆದರೆ ಒಂದು ಮಾತು ಗಮನಿಸ್ರಿ: ಕೂತವರಿಗೆ ತೈಲದ ರೇಟು ಗೊತ್ತಿತ್ತು, ಆಕೆಯ ಹೃದಯ ಗೊತ್ತಿರಲಿಲ್ಲ.

ಸರಿ, ನಾವೂ ಲೆಕ್ಕ ಹಾಕೋಣ. ತಿಂಗಳಿಗೆ 500 ರೂಪಾಯಿ ಅಂದ್ರೆ ವರ್ಷಕ್ಕೆ 6,000. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ ರೊಕ್ಕ 2,000. ಅಂದ್ರೆ ಮೂರು ಕಂತು. ಹತ್ತಿ ಬಿಡಿಸಿ, ತೊಗರಿ ಕೊಯ್ದು ಮನೆ ನಡೆಸೋ ತಾಯಿಗೆ ಇದು ಸಣ್ಣ ಮೊತ್ತ ಅಲ್ಲ. ನಾನು ಸಣ್ಣದು ಅಂತ ಹೇಳೋದಿಲ್ಲ. ಆದರೆ ಈ ರೊಕ್ಕ ಯಾಕೆ ಹೋಗ್ತದ ಅಂತ ಕೇಳಿದ್ರೆ ಉತ್ತರ ನಮ್ಮ ಮನೆಯೊಳಗೇ ಸಿಗ್ತದ.

ಯಾದಗಿರಿಯಿರಲಿ, ಶಹಾಪುರವಿರಲಿ, ಸುರಪುರವಿರಲಿ, ಮದುವೆ ಮಾತು ಬಂತು ಅಂದ್ರೆ ನಮ್ಮ ವಿಶ್ವಾಸಿಗಳ ಮನೆಯಲ್ಲೇ ಏನು ಕೇಳ್ತಾರ? ಹುಡುಗಿ ರಕ್ಷಣೆ ಹೊಂದಿರಬೇಕು. ದೀಕ್ಷಾಸ್ನಾನ ಆಗಿರಬೇಕು. ಬೆಳ್ಳಗಿರಬೇಕು. ಮೊದಲೆರಡಕ್ಕೆ ವಾಕ್ಯ ತೋರಿಸಬಹುದು. ಮೂರನೇದು ಯಾವ ಪುಸ್ತಕ, ಯಾವ ಅಧ್ಯಾಯ, ಯಾವ ವಚನ? ಯಾರಾದ್ರೂ ಹೇಳ್ರಿ.

ಈ ಮೂರನೇ ಷರತ್ತಿನ ಮೇಲೆ ದೊಡ್ಡ ವ್ಯಾಪಾರವೇ ನಿಂತದ. ಫೇರ್ ಅಂಡ್ ಲವ್ಲಿ 1975ರಲ್ಲಿ ಮಾರುಕಟ್ಟೆಗೆ ಬಂತು. 2005ರಲ್ಲಿ ಗಂಡಸರಿಗೂ ಬೇರೆ ಕಂಪನಿಯಿಂದ ಫೇರ್ ಅಂಡ್ ಹ್ಯಾಂಡ್‌ಸಮ್ ಬಂತು. ನಗಬ್ಯಾಡ್ರಿ ತಮ್ಮಾ, ನಿಮಗೂ ಬಂತು! 2020ರಲ್ಲಿ ಫೇರ್ ಅಂಡ್ ಲವ್ಲಿ ಹೆಸರು ಗ್ಲೋ ಅಂಡ್ ಲವ್ಲಿ ಆಯ್ತು. ಟ್ಯೂಬಿನ ಮೇಲಿನ ಹೆಸರು ಬದಲಾಯ್ತು, ನಮ್ಮ ಕಣ್ಣು ಬದಲಾಯ್ತೇನು?

ಪರಮಗೀತ ಮೊದಲನೇ ಅಧ್ಯಾಯದಲ್ಲಿ ಒಬ್ಬ ಹುಡುಗಿ ಇದ್ದಾಳೆ. ಅಣ್ಣಂದಿರು ದ್ರಾಕ್ಷಿ ತೋಟ ಕಾಯೋಕೆ ಹಚ್ಚಿದರು, ಬಿಸಿಲಿಗೆ ಆಕೆಯ ಮೈ ಕಪ್ಪಾಯ್ತು. ಆದರೂ ತಾನು ಚೆಲುವೆ ಅಂತ ಆಕೆಗೆ ಗೊತ್ತದ. ಇದು ನಮ್ಮ ಕಡೆಯ ಕಥೆ ಅಲ್ಲೇನು? ಬೇಸಿಗೆಯಲ್ಲಿ 40 ಡಿಗ್ರಿ ದಾಟೋ ಊರು ನಮ್ಮದು. ಚರ್ಮದೊಳಗಿನ ಮೆಲನಿನ್ ಅನ್ನೋ ಬಣ್ಣ ಆ ಬಿಸಿಲಿಗೆ ದೇವರು ಹಿಡಿದ ಕೊಡೆ. ಹೆಣ್ಮಕ್ಕಳು ಹತ್ತಿ ಹೊಲದಾಗ, ಕಾಲುವೆ ನೀರಿನ ಭತ್ತದ ಗದ್ದೆಯಾಗ ದುಡೀತಾರ. ಆ ದುಡಿಮೆಯ ಅನ್ನ ನಾವು ಉಣ್ತೀವಿ. ಆಮೇಲೆ ಅದೇ ಬಣ್ಣಕ್ಕೆ ಮಾರ್ಕ್ಸ್ ಕಡಿಮೆ ಕೊಡ್ತೀವಿ. ಆಕೆ ಹೆದರಿ ಕ್ರೀಮು ತಂದ್ರೆ ಲೋಕದವಳಾದಳು ಅಂತ ಪ್ರಸಂಗ ಮಾಡ್ತೀವಿ.

ಹೆದರಿಕೆಯಿಂದ ಕೊಂಡದ್ದು ರೊಕ್ಕವನ್ನಷ್ಟೇ ತಿನ್ನೋದಿಲ್ಲ. ಒಂದೇ ವಾರದಾಗ ಬೆಳ್ಳಗೆ ಮಾಡ್ತೀವಿ ಅನ್ನೋ ಕೆಲವು ಮುಲಾಮುಗಳೊಳಗೆ ಬೆಟಾಮೆಥಸೋನ್, ಕ್ಲೋಬೆಟಸಾಲ್ ತರದ ಸ್ಟಿರಾಯ್ಡ್ ಇರ್ತದ. ಮೊದಲು ಮುಖ ಹೊಳೀತದ. ಹಚ್ಚುತ್ತಾ ಹೋದ ಹಾಗೆ ಚರ್ಮ ತೆಳುವಾಗ್ತದ, ಕೆಂಪಾಗ್ತದ, ಮೊಡವೆ ಏಳ್ತಾವ, ಮುಖದ ಮೇಲೆ ಕೂದಲು ಬರಬಹುದು. ಬಿಟ್ಟರೆ ಇನ್ನೂ ಉರೀತದ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟಿರಾಯ್ಡ್ ಮುಲಾಮುಗಳನ್ನ ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ಮಾಡ್ತು. ಯಾರಾದರೂ ಹಚ್ಚುತ್ತಿದ್ದರೆ ನಾಚಿಕೆ ಪಡಬ್ಯಾಡ್ರಿ, ಚರ್ಮದ ಡಾಕ್ಟರಿಗೆ ತೋರಿಸ್ರಿ. ನಾವು ಪ್ರಾರ್ಥನೆನೂ ಮಾಡ್ತೀವಿ.

ಕೆಲವರು 1 ತಿಮೊಥೆಯ 2:9 ಹಿಡಿದು ಬರ್ತಾರ: ಸ್ತ್ರೀಯರ ಉಡುಪು, ಜಡೆ, ಚಿನ್ನ. ಆ ವಾಕ್ಯ ಸತ್ಯ. ಅದರ ಹಿಂದಿನ 8ನೇ ವಚನ ಗಂಡಸರಿಗೆ: ಕೋಪ, ಜಗಳ ಬಿಟ್ಟು ಪರಿಶುದ್ಧ ಕೈ ಎತ್ತಿ ಪ್ರಾರ್ಥಿಸಬೇಕು. 9 ಎಲ್ಲರಿಗೂ ಬಾಯಿಪಾಠ, 8 ಎಷ್ಟು ಜನಕ್ಕೆ ನೆನಪದ? ಸಂತೋಷದಿಂದ ಒಡವೆ ಬಿಟ್ಟ ಅಕ್ಕಂದಿರು ನಮ್ಮ ಸಭೆಗಳಲ್ಲಿ ಇದ್ದಾರೆ, ಕರ್ತನಿಗೆ ಸ್ತೋತ್ರ. ಆದರೆ ಹುಡುಗಿಯ ಕಿವಿಯ ಓಲೆ ತೆಗೆಸಿ, ಆಕೆಯ ಅಪ್ಪನ ಹತ್ತಿರ ಬೈಕಿಗೆ ರೊಕ್ಕ ಕೇಳಿದರೆ? ವರದಕ್ಷಿಣೆ 1961ರ ಕಾಯ್ದೆಯಲ್ಲಿ ಅಪರಾಧ, ದೇವರ ಮುಂದೆ ಪಾಪ.

ಹಾಗಾದ್ರೆ ತಮ್ಮನ ಪ್ರಶ್ನೆಗೆ ಉತ್ತರ ಏನು? ತಲೆ ಬಾಚೋದು, ಚೆಂದಾಗಿ ಕಾಣೋದು ಪಾಪ ಅಲ್ಲ. ತಂಗಿಯರೇ, ಖರ್ಚು ಮಾಡೋ ಮುಂಚೆ ಮೂರು ಮಾತು ಕೇಳಿಕೊಳ್ರಿ. ಇದು ನನ್ನ ಸಂತೋಷಕ್ಕೋ, ಯಾರದೋ ಹೆದರಿಕೆಗೋ? ಇದಕ್ಕೆ ಸಾಲ ಮಾಡ್ತಿದೀನೇನು? ದೇವರ ಆಲಯವಾದ ಈ ದೇಹಕ್ಕೆ ಇದು ಹಾನಿಯೇನು? ಉತ್ತರ ನೀವೇ ಕೊಡ್ರಿ. ನಿಮ್ಮ ಪರ್ಸ್ ತೆಗೆದು ನೋಡೋ ಕೆಲಸ ಪಾಸ್ಟರದಲ್ಲ.

ವಿಮೋಚನಕಾಂಡ 38:8ರಲ್ಲಿ ದೇವದರ್ಶನದ ಗುಡಾರದ ಬಾಗಿಲಲ್ಲಿ ಸೇವೆ ಮಾಡುತ್ತಿದ್ದ ಸ್ತ್ರೀಯರ ತಾಮ್ರದ ಕನ್ನಡಿಗಳಿಂದ ನೀರಿನ ತೊಟ್ಟಿ ಮಾಡಿದರು ಅಂತ ಅದ. ಆ ಕನ್ನಡಿಗಳನ್ನ ಯಾರೋ ಕಸಿದುಕೊಂಡರು ಅಂತ ಅಲ್ಲಿ ಬರೆದಿಲ್ಲ. ಮುಖ ನೋಡಿಕೊಳ್ಳುತ್ತಿದ್ದ ಅದೇ ತಾಮ್ರದಲ್ಲಿ ಯಾಜಕರು ಕೈಕಾಲು ತೊಳೆದುಕೊಂಡರು. ಅಂದ್ರೆ ಮೊದಲು ತೊಳ್ಕೋಬೇಕಾದವರು ಯಾಜಕರು, ಸಭೆಯ ಮುಂದೆ ನಿಲ್ಲೋ ಗಂಡಸರು. ತಮ್ಮಂದಿರೇ, ಆ ಸ್ತ್ರೀಯರು ಕನ್ನಡಿ ಕೊಟ್ಟರು. ನಾವು ನಮ್ಮ ಕಣ್ಣು ಕೊಡೋಣ, ಕರ್ತನು ತೊಳೆಯಲಿ. ಮುಂದಿನ ಸಲ ಮನೆಯಲ್ಲಿ ಮದುವೆ ಮಾತು ಬಂದಾಗ ಆ ಮೂರನೇ ಷರತ್ತು ಬ್ಯಾಡ ಅಂತ ಅಪ್ಪ-ಅವ್ವನ ಮುಂದೆ ಹೇಳ್ರಿ.

ಎಲ್ಲರೂ ಎದ್ದು ನಿಲ್ಲೋಣ, ಪ್ರಾರ್ಥಿಸೋಣ. ಆಮೆನ್.