ಅರ್ಧ ಸ್ಟಾಪ್ ಬೆಳಕು

ಫೋಟೋ ಸುಳ್ಳು ಹೇಳುವುದಿಲ್ಲ ಎಂಬ ಮಾತನ್ನು ಫೋಟೋ ತೆಗೆದು ಹೊಟ್ಟೆ ಹೊರೆಯುವ ಯಾರ ಬಾಯಲ್ಲೂ ನಾನು ಕೇಳಿಲ್ಲ. 1855ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಮ್ಯೂನಿಕ್‌ನ ಫ್ರಾಂಜ್ ಹಾನ್‌ಫ್‌ಸ್ಟೆಂಗಲ್ ತಿದ್ದಿದ ನೆಗೆಟಿವ್ ತೋರಿಸಿ ಜನರನ್ನು ಬೆರಗುಗೊಳಿಸಿದ್ದ. ಛಾಯಾಗ್ರಹಣದ ಆವಿಷ್ಕಾರ ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ. ಹದಿನಾರು ವರ್ಷ ಸಾಕಾಯಿತು, ಮುಖ ತಿದ್ದುವುದೂ ಒಂದು ಕಸುಬಾಗಲು.

ನಮ್ಮ ಊರುಗಳ ಸ್ಟುಡಿಯೋಗಳಲ್ಲೂ ಫಿಲ್ಮ್ ಕಾಲದಲ್ಲಿ ಈ ಕೆಲಸ ಇತ್ತು. ಹಿಂದಿನಿಂದ ಬೆಳಕು ಬೀಳುವ ಇಳಿಜಾರು ಗಾಜಿನ ಮೇಲೆ ನೆಗೆಟಿವ್ ಇಟ್ಟು, ಸೂಜಿಯಂತೆ ಹೆರೆದ ಪೆನ್ಸಿಲ್ಲಿನಿಂದ ಕಣ್ಣಿನ ಕೆಳಗಿನ ಗೆರೆಗಳನ್ನು ತುಂಬುತ್ತಿದ್ದರು. ನೆಗೆಟಿವ್‌ನಲ್ಲಿ ಎಲ್ಲವೂ ತಿರುಗುಮುರುಗು. ಪೆನ್ಸಿಲ್ ಕಪ್ಪು ಮಾಡಿದ ಜಾಗ ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆ. ಹಾಗಾಗಿ ಪೆನ್ಸಿಲ್ಲಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ, ಬೆಳ್ಳಗೆ ಮಾಡುವುದು. ಕಪ್ಪು ಮಾಡಬೇಕೆಂದರೆ ಚಾಕುವಿನಿಂದ ನೆಗೆಟಿವ್ ಕೆರೆಯಬೇಕು. ಕೈ ತಪ್ಪಿದರೆ ಫಿಲ್ಮೇ ಹೋಯಿತು. ನಮ್ಮ ಬಿಳಿ ಬಣ್ಣದ ಹುಚ್ಚಿಗೆ ಪೆನ್ಸಿಲ್ ಕಾರಣವಲ್ಲ, ಆದರೆ ಅದಕ್ಕೆ ಎಷ್ಟು ಸಲೀಸಾಗಿ ಒದಗಿಬಂತು ನೋಡಿ.

ನಾನು ಮುಖಗಳನ್ನು ತಿದ್ದುವುದು ಡಾರ್ಕ್‌ಟೇಬಲ್ ಮತ್ತು ಗಿಂಪ್ ಎಂಬ ಎರಡು ತಂತ್ರಾಂಶಗಳಲ್ಲಿ. ಎರಡೂ ಉಚಿತ, ಎರಡರ ಮೂಲಸಂಕೇತವೂ ಬಹಿರಂಗ. ಗಿಂಪ್ ತೊಂಬತ್ತರ ದಶಕದಲ್ಲಿ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳಿಂದ ಶುರುವಾದದ್ದು, ಡಾರ್ಕ್‌ಟೇಬಲ್ 2009ರ ಕೂಸು. ಮೊದಲು ಇವಕ್ಕೆ ಕೈ ಹಾಕಿದ್ದಕ್ಕೆ ತತ್ವಗಿತ್ವ ಏನೂ ಕಾರಣವಲ್ಲ. ತಿಂಗಳು ತಿಂಗಳು ಬಾಡಿಗೆ ಕಟ್ಟಲು ದುಡ್ಡಿರಲಿಲ್ಲ, ಅಷ್ಟೇ. ಬಳಸುತ್ತಾ ಹೋದಂತೆ ಇನ್ನೊಂದು ಕಾರಣ ಸಿಕ್ಕಿತು. ಡಾರ್ಕ್‌ಟೇಬಲ್ ಕ್ಯಾಮೆರಾದ ಮೂಲ ಕಡತವನ್ನು ಮುಟ್ಟುವುದೇ ಇಲ್ಲ. ನಾನು ಮಾಡಿದ ಪ್ರತಿಯೊಂದು ಬದಲಾವಣೆಯನ್ನೂ ಪಕ್ಕದಲ್ಲಿ ಇನ್ನೊಂದು ಪುಟ್ಟ ಕಡತದಲ್ಲಿ ಬರೆದಿಡುತ್ತದೆ. ಪರದೆಯ ಎಡಗಡೆ ಅದೆಲ್ಲ ಒಂದರ ಮೇಲೊಂದು ಪಟ್ಟಿಯಾಗಿ ಕಾಣುತ್ತದೆ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಹಾಗೆ. ಎರಡು ವರ್ಷ ಬಿಟ್ಟು ಬಂದು, ಈ ಮುಖಕ್ಕೆ ಏನೇನು ಮಾಡಿದೆ ಎಂದು ಕೇಳಿದರೂ ಉತ್ತರ ಇದೆ.

ಕೈಯಲ್ಲಿರುವ ಫೋನನ್ನು ಇದರ ಪಕ್ಕಕ್ಕೆ ಇಟ್ಟು ನೋಡಿ. ಎಷ್ಟೋ ಫೋನುಗಳು ನೀವು ಕೇಳುವ ಮೊದಲೇ ಕೆನ್ನೆಯನ್ನು ನಯಗೊಳಿಸಿಬಿಡುತ್ತವೆ. ಎಷ್ಟು ಮಾಡಿದವು, ಯಾರ ಅಳತೆಯ ಪ್ರಕಾರ ಮಾಡಿದವು ಎಂಬುದು ನಿಮಗೆ ತಿಳಿಯುವುದಿಲ್ಲ. ಅಲ್ಲಿರುವ ಗುಂಡಿಯ ಹೆಸರು 'ಬ್ಯೂಟಿ'. ಡಾರ್ಕ್‌ಟೇಬಲ್‌ನಲ್ಲಿ ಅದೇ ಕೆಲಸದ ಒಂದು ಪಾಲು ಮಾಡುವ ಜಾರುಪಟ್ಟಿಯ ಹೆಸರು ಬರೀ 'ಎಕ್ಸ್‌ಪೋಷರ್'. ಒಂದು ಗುಂಡಿ ಏನು ಚಂದ ಎಂದು ತೀರ್ಮಾನಿಸಿಯೇ ನಿಮ್ಮ ಕೈಗೆ ಬರುತ್ತದೆ. ಇನ್ನೊಂದು ಬೆಳಕಿನ ಲೆಕ್ಕ ಮಾತ್ರ ಹೇಳಿ ಸುಮ್ಮನಾಗುತ್ತದೆ. ಸುಮ್ಮನಿರುವುದು ಒಳ್ಳೆಯತನವೇನಲ್ಲ. ಮುಕ್ತ ತಂತ್ರಾಂಶದ ಮೊದಲ ಸ್ವಾತಂತ್ರ್ಯವೇ ಯಾವ ಉದ್ದೇಶಕ್ಕಾದರೂ ಬಳಸಬಹುದು ಎಂಬುದು, ಅದರಲ್ಲಿ ಕೆಟ್ಟ ಉದ್ದೇಶವೂ ಸೇರಿದೆ. ತಂತ್ರಾಂಶದ ಮೇಲೆ ತಪ್ಪು ಹೊರಿಸಿ ಕೈ ತೊಳೆದುಕೊಳ್ಳಲು ಮಾತ್ರ ಇಲ್ಲಿ ಆಗುವುದಿಲ್ಲ.

ಹಾಗಾದರೆ ಏನನ್ನೂ ತಿದ್ದದೆ ಕೊಟ್ಟರಾಯಿತಲ್ಲ ಎನ್ನುವವರಿದ್ದಾರೆ. ಅವರಿಗೆ ಒಮ್ಮೆ ಕ್ಯಾಮೆರಾದ ಹಸಿ ದತ್ತಾಂಶವನ್ನು ತೋರಿಸಬೇಕು. ಸಾಮಾನ್ಯವಾಗಿ ಸೆನ್ಸರಿನ ಪ್ರತಿ ನಾಲ್ಕು ಚುಕ್ಕೆಗಳಲ್ಲಿ ಎರಡು ಹಸಿರನ್ನು, ಒಂದು ಕೆಂಪನ್ನು, ಒಂದು ನೀಲಿಯನ್ನು ಅಳೆಯುತ್ತವೆ. ಏನೂ ಮಾಡದೆ ತೆರೆದರೆ ಕಾಣುವುದು ಹಸಿರುಗಟ್ಟಿದ, ಮಂಕು ಮುಖ. ಅದನ್ನು ಮನುಷ್ಯರ ಮುಖವಾಗಿಸಲು ಯಾರಾದರೂ ಹತ್ತಾರು ತೀರ್ಮಾನ ಮಾಡಲೇಬೇಕು. ಕ್ಯಾಮೆರಾ ಮಾಡಿದರೆ ಅದು 'ಸಹಜ', ನಾನು ಮಾಡಿದರೆ 'ತಿದ್ದಿದ್ದು' ಎನ್ನುವುದರಲ್ಲಿ ಅರ್ಥವಿಲ್ಲ.

ಕ್ಯಾಮೆರಾದ ಬೆಳಕಿನ ಮಾಪಕವೂ ಸಾಮಾನ್ಯದ್ದಲ್ಲ. ಎದುರಿಗಿರುವುದು ಏನೇ ಇರಲಿ, ಅದನ್ನು ನಡುವಿನ ಬೂದು ಬಣ್ಣಕ್ಕೆ ಎಳೆಯುವುದು ಅದರ ಜಾಯಮಾನ. ಬಿಳಿ ಗೋಡೆಯ ಮುಂದೆ ಬಿಳಿ ಅಂಗಿ ತೊಟ್ಟ ಕಪ್ಪು ಹುಡುಗನನ್ನು ನಿಲ್ಲಿಸಿದರೆ ಅದು ಗೋಡೆ, ಅಂಗಿ ನೋಡಿ ಬೆಳಕು ಇಳಿಸುತ್ತದೆ. ಹುಡುಗನ ಮುಖ ಇದ್ದದ್ದಕ್ಕಿಂತ ಕಪ್ಪಾಗಿ, ಕಣ್ಣು ಮೂಗು ಒಂದೇ ಆಗಿ ಹೋಗುತ್ತದೆ. ಅಮೆರಿಕದ ಕೊಡಾಕ್ ಕಂಪನಿ ಬಣ್ಣದ ಪ್ರಿಂಟುಗಳ ಹದ ನೋಡಲು ಬಿಳಿಯ ಹೆಂಗಸೊಬ್ಬಳ ಚಿತ್ರದ ಕಾರ್ಡನ್ನು ಅಂಗಡಿಗಳಿಗೆ ಕೊಡುತ್ತಿತ್ತು. 'ಶರ್ಲಿ ಕಾರ್ಡ್' ಎಂದೇ ಅದರ ಹೆಸರು. ಅವಳ ಚರ್ಮ ಸರಿ ಬಂದರೆ ಎಲ್ಲ ಸರಿ. ಇಂಥ ಯಂತ್ರಗಳ ಮುಂದೆ ಕಪ್ಪು ಮುಖವೊಂದಕ್ಕೆ ಅರ್ಧ ಸ್ಟಾಪ್ ಬೆಳಕು ಏರಿಸುವುದು ಸುಳ್ಳಲ್ಲ, ಬಾಕಿ ತೀರಿಸಿದ ಹಾಗೆ. ಅದೇ ಜಾರುಪಟ್ಟಿ, ಅದೇ ಅರ್ಧ ಸ್ಟಾಪ್ ಇನ್ನೊಂದು ಮುಖದ ಮೇಲೆ ಅವಮಾನವಾಗಬಹುದು.

ಗಂಡಿನ ಕಡೆಯವರಿಗೆ ಕಳಿಸಲು ಮಗಳ ಫೋಟೋ ತೆಗೆಸಲು ಬಂದಿದ್ದ ತಂದೆಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಸ್ವಲ್ಪ ಲೈಟ್ ಮಾಡಿ ಸಾರ್, ಜಾಸ್ತಿ ಬೇಡ" ಅಂದರು. ಮಗಳಿಗೆ ಕೇಳಿಸಿತು. "ಅವರು ಮನೆಗೆ ಬಂದಾಗ ಏನ್ ಮಾಡೋದಪ್ಪ, ಲೈಟ್ ಆಫ್ ಮಾಡ್ಕೊಂಡ್ ಕೂರೋದಾ?" ತಂದೆ ಕೋಪ ಮಾಡಿಕೊಳ್ಳಲಿಲ್ಲ. ನನ್ನ ಕಡೆಗೇ ತಿರುಗಿ, "ಎಲ್ರೂ ಮಾಡಿಸ್ತಾರೆ ಸಾರ್. ನಾವೊಬ್ರೇ ಹಂಗೇ ಕಳ್ಸಿದ್ರೆ, ಫೋಟೋದಲ್ಲೇ ಇಷ್ಟು ಕಪ್ಪಿದ್ರೆ ಎದುರಿಗೆ ಇನ್ನೆಷ್ಟೋ ಅಂದ್ಕೋತಾರೆ" ಅಂದರು.

ಆ ಮಾತನ್ನು ತಳ್ಳಿಹಾಕಲು ನನಗೆ ಈಗಲೂ ಆಗಿಲ್ಲ. ಎಲ್ಲರೂ ತಿದ್ದುತ್ತಾರೆಂದು ಎಲ್ಲರಿಗೂ ಗೊತ್ತಿರುವಾಗ ತಿದ್ದಿದ ಫೋಟೋ ಯಾರಿಗೂ ಮೋಸ ಮಾಡುವುದಿಲ್ಲ. ನೋಡುವವರು ಮನಸ್ಸಿನಲ್ಲೇ ಒಂದಿಷ್ಟು ಕಳೆದುಕೊಂಡೇ ನೋಡುತ್ತಾರೆ. ಮೋಸ ಆಗುವುದು ತಿದ್ದಿಸದೆ ಕಳಿಸಿದವಳಿಗೆ. ಅವಳ ನಿಜದಿಂದಲೂ ಅಷ್ಟನ್ನು ಕಳೆಯುತ್ತಾರೆ. ಜಾತ್ರೆಯಲ್ಲಿ ನಾಟಕ ನೋಡುವಾಗ ಮುಂದಿನ ಸಾಲು ಎದ್ದು ನಿಂತರೆ ಹಿಂದಿನವರೂ ನಿಲ್ಲಬೇಕು, ಕೊನೆಗೆ ಯಾರಿಗೂ ಮೊದಲಿಗಿಂತ ಚೆನ್ನಾಗಿ ಕಾಣುವುದಿಲ್ಲ, ಎಲ್ಲರ ಕಾಲೂ ನೋಯುತ್ತದೆ. ಹಾಗೆಂದು ಒಬ್ಬಳೇ ಕೂತುಬಿಡು ಎಂದು ಹೇಳುವ ಅಧಿಕಾರ ನನಗೆಲ್ಲಿಯದು? ಧೈರ್ಯ ನನ್ನದು, ಖರ್ಚು ಅವಳದು ಎಂದಾಗುತ್ತದೆ. ನಾರ್ವೆ ದೇಶ 2022ರಿಂದ ಮೈಯ ಆಕಾರ, ಚರ್ಮ ತಿದ್ದಿದ ಜಾಹೀರಾತಿಗೆ ಗುರುತು ಹಾಕಬೇಕೆಂದು ಕಾನೂನು ಮಾಡಿದೆ. ಅಂಥ ಕಾನೂನು ಕಂಪನಿಯ ಬಾಗಿಲವರೆಗೆ ಹೋದೀತು. ವಾಟ್ಸಾಪಿನಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಹುಡುಗಿಯ ಚಿತ್ರದ ಮೇಲೆ ಯಾವ ಗುರುತು ಹಾಕುವುದು?

ಆ ದಿನ ಹುಡುಗಿಯನ್ನು ನನ್ನ ಪಕ್ಕದಲ್ಲೇ ಕೂರಿಸಿಕೊಂಡೆ. ಅವಳು ಉಟ್ಟಿದ್ದು ಕೆನೆ ಬಣ್ಣದ ಸೀರೆ. ಮಾಪಕ ಅದನ್ನೇ ನೋಡಿ ಮುಖವನ್ನು ಕತ್ತಲಿಗೆ ತಳ್ಳಿತ್ತು. ಪರದೆಯ ಪಕ್ಕ ಕೈ ಹಿಡಿಯಲು ಹೇಳಿ, ಚಿತ್ರದ ಕೈ ಮತ್ತು ಎದುರಿನ ಕೈ ಒಂದಾಗುವವರೆಗೆ ಬೆಳಕು ಏರಿಸಿದೆ. ಅರ್ಧ ಸ್ಟಾಪ್ ಹತ್ತಿರ ಬಂತು. ಅಪ್ಪ ಹಿಂದಿನಿಂದ, "ಹಾಂ, ಇಷ್ಟೇ ಸಾರ್ ನಾ ಹೇಳಿದ್ದು" ಅಂದರು. ಮಗಳು ನಕ್ಕಳು. "ಇನ್ನು ಮುಟ್ಟಬೇಡಿ. ಗಲ್ಲದ ಮಚ್ಚೆನೂ ಇರ್ಲಿ" ಅಂದಳು. ಅಪ್ಪ ಕೇಳಿದ್ದೂ ಅದೇ ಅರ್ಧ ಸ್ಟಾಪ್, ಮಗಳು ಒಪ್ಪಿದ್ದೂ ಅದೇ. ಆದರೆ ಅಪ್ಪನ ಲೆಕ್ಕ ನೋಡುವವರ ಕಣ್ಣಿನದು, ಮಗಳ ಲೆಕ್ಕ ಅವಳ ಕೈಯದು. ಫೋಟೋ ನೋಡಿದವರಿಗೆ ಈ ವ್ಯತ್ಯಾಸ ಎಂದೂ ತಿಳಿಯುವುದಿಲ್ಲ.

ಎರಡು ವಾರದಲ್ಲಿ ಮಾಯುವುದನ್ನು ತೆಗೆ, ಮಾಯದ್ದನ್ನು ಬಿಡು ಎಂಬ ನಿಯಮ ನಮ್ಮ ಕಸುಬಿನಲ್ಲಿದೆ. ಮೊಡವೆ ಹೋಗಲಿ, ಮಚ್ಚೆ ಇರಲಿ. ಕೆಲಸಕ್ಕೆ ಬರುವ ನಿಯಮ, ಆದರೆ ಎಲ್ಲ ಕಡೆ ಅಲ್ಲ. ಸುಟ್ಟ ಕಲೆಯೊಂದನ್ನು ಹೊತ್ತವಳಿಗೆ ಒಂದೇ ಒಂದು ಫೋಟೋದಲ್ಲಾದರೂ ಅದಿಲ್ಲದೆ ತನ್ನನ್ನು ನೋಡಿಕೊಳ್ಳಬೇಕೆನಿಸಿದರೆ ಬೇಡ ಎನ್ನಲು ನಾನು ಯಾರು? ಅದೇ ಕಲೆಯನ್ನು ಅವಳ ಅತ್ತೆ ತೆಗೆಸಲು ಬಂದರೆ ನನ್ನ ಉತ್ತರ ಬೇರೆ. ಯಾರ ಮುಖವೋ ಅವರು ನನ್ನ ಪಕ್ಕ ಕೂತಿರಬೇಕು, ಪಟ್ಟಿಯ ಒಂದೊಂದೇ ಸಾಲನ್ನು ಆರಿಸಿ ಹಚ್ಚಿ ತೋರಿಸುವಾಗ ನೋಡುತ್ತಿರಬೇಕು. ನನಗೆ ಸಿಕ್ಕಿರುವ ದಾರಿ ಇಷ್ಟೇ.

ಪಕ್ಕ ಕೂರಲಾಗದವರ ಫೋಟೋ ಬಂದಾಗ ಈ ದಾರಿಯೂ ಮುಚ್ಚುತ್ತದೆ. ಹೋದ ತಿಂಗಳು ತೀರಿಕೊಂಡ ರೈತರೊಬ್ಬರ ಮಕ್ಕಳು ಬಂದಿದ್ದರು. ಇದ್ದದ್ದು ಒಂದೇ ಚಿತ್ರ, ಬನಿಯನ್ನಿನಲ್ಲಿ, ಹೆಗಲ ಮೇಲೆ ಟವೆಲ್. ಗೋಡೆಗೆ ಹಾಕಲು ಕೋಟು ತೊಡಿಸಿಕೊಡಿ ಎಂದ ದೊಡ್ಡ ಮಗ. "ಅಪ್ಪ ಯಾವತ್ತು ಹಾಕಿದ್ರು ಕೋಟು?" ಎಂದಳು ಮಗಳು. "ಹಾಕ್ಲಿಲ್ಲ ಅಂತಾನೇ ಹಾಕ್ಸೋದು" ಎಂದ ಅವನು. ಗಿಂಪ್‌ನಲ್ಲಿ ಕೋಟು ಬೇರೆಯೇ ಒಂದು ಪದರ. ಅದರ ಪಕ್ಕದ ಕಣ್ಣಿನ ಗುರುತು ಒತ್ತಿದರೆ ಬರುತ್ತದೆ, ಮತ್ತೆ ಒತ್ತಿದರೆ ಹೋಗುತ್ತದೆ. ಇಬ್ಬರಿಗೂ ಎರಡು ಮೂರು ಸಲ ಹಾಗೆ ಮಾಡಿ ತೋರಿಸಿದೆ. ಮನೆಯಲ್ಲಿ ಅಮ್ಮನನ್ನು ಕೇಳಿ ಬರುತ್ತೇವೆಂದು ಹೋದರು. ಇನ್ನೂ ಬಂದಿಲ್ಲ.