ಜೋಳವಾಳಿಯ ಋಣ

ಸೇನಾಪಡೆಯೊಂದರ ಇತಿಹಾಸವನ್ನು ಕಾಪಾಡುವ ಸಂಗ್ರಹಾಲಯದಲ್ಲಿ ಪತಾಕೆ, ಪದಕ, ಖಡ್ಗಗಳು ಇರುವುದು ಸಹಜ. ಆದರೆ ಅವುಗಳಿಂದ ನೋಡುವವನು ಏನನ್ನು ಕಲಿಯಬೇಕು? ವೀರನನ್ನು ಸ್ಮರಿಸುವುದು ಬೇರೆ. ಅವನು ಕಾದಿದ ಯುದ್ಧವನ್ನು ಕೊಂಡಾಡುವುದು ಬೇರೆ. ಇವೆರಡನ್ನೂ ಒಂದೆಂದು ಬಗೆದಲ್ಲಿ, ಯುದ್ಧದ ಅನ್ಯಾಯವು ಸತ್ತವರ ಕೀರ್ತಿಯಲ್ಲಿ ಮರೆಯಾಗುವುದು. ಇಲ್ಲವೆ, ಯುದ್ಧವು ನಿಂದ್ಯವೆಂಬ ಕಾರಣದಿಂದ ಸತ್ತವರೇ ಮರೆತುಹೋಗುವರು.

ಉತ್ತರ ಬೆಂಗಳೂರಿನಲ್ಲಿ ಈ ವಿಚಾರಕ್ಕೆ ಎರಡು ಶಿಲಾಸಾಕ್ಷಿಗಳುಂಟು. ಮೊದಲನೆಯದು ಹೆಬ್ಬಾಳದ ವೀರಗಲ್ಲು. ಗಂಗರ ಶ್ರೀಪುರುಷನ ಆಳ್ವಿಕೆಯಲ್ಲಿ, ಸುಮಾರು ಕ್ರಿ.ಶ. 750ರಲ್ಲಿ, ರಾಷ್ಟ್ರಕೂಟರ ದಾಳಿಯನ್ನೆದುರಿಸಿ ಮಡಿದ ಕಿತ್ತಯ್ಯನ ಹೆಸರು ಅದರಲ್ಲಿದೆ. ಎರಡನೆಯದು ಜಯಚಾಮರಾಜೇಂದ್ರನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ ಅಶ್ವಪಡೆಯ ಸ್ಮಾರಕಸ್ತಂಭ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆಲ್ಲುವಲ್ಲಿ ಜೋಧಪುರದ ಸವಾರರೊಡನೆ ಈ ಪಡೆಯೂ ಕಾದಿತು. ಕಾರ್ಮೆಲ್ ಬೆಟ್ಟವನ್ನೇರಿ ಶತ್ರುಗಳ ಫಿರಂಗಿಗಳನ್ನು ಹಿಡಿಯಿತು.

ಕಿತ್ತಯ್ಯನು ತನ್ನ ನಾಡನ್ನು ಕಾಯಲು ಸತ್ತನು. ಲ್ಯಾನ್ಸರುಗಳಾದರೋ, ತಮ್ಮ ನಾಡನ್ನೇ ಅಂಕೆಯಲ್ಲಿಟ್ಟಿದ್ದ ಸಾಮ್ರಾಜ್ಯಕ್ಕಾಗಿ ಕಡಲಾಚೆ ಸತ್ತರು. ಇವರಿಗೆ ಸಮನಾದ ಗೌರವವು ಸಲ್ಲುವುದೆ ಎಂದು ಕೇಳುವವರುಂಟು. ಪ್ರಶ್ನೆಯು ತಳ್ಳಿಹಾಕತಕ್ಕದ್ದಲ್ಲ. ಆದರೆ ಯುದ್ಧವನ್ನು ಸಾರಿದವರು ಆ ಸವಾರರಲ್ಲ. ಹೊಟ್ಟೆಯ ಪಾಡಿಗಾಗಿಯೋ ಸ್ವಾಮಿಭಕ್ತಿಯಿಂದಲೋ ಪಡೆಯನ್ನು ಸೇರಿದ ಬಂಟನಿಗೆ ನಿರ್ಣಯದಲ್ಲಿ ಪಾಲಿರಲಿಲ್ಲ. ಮರಣದಲ್ಲಿ ಮಾತ್ರ ಪೂರ್ಣ ಪಾಲು ದೊರೆಯಿತು. ಆಳಿದವರ ತಪ್ಪನ್ನು ಅವನ ತಲೆಗೆ ಕಟ್ಟುವುದು ಧರ್ಮವಲ್ಲ. ಅನ್ನವಿತ್ತ ಒಡೆಯನಿಗೆ ಪ್ರಾಣದಿಂದ ತೀರಿಸುವ ಋಣವನ್ನು ಕನ್ನಡಿಗರು ಹಿಂದೆ ಜೋಳವಾಳಿಯೆಂದು ಕರೆದರು. ಆ ಋಣವನ್ನು ಬಂಟನು ತೀರಿಸಿದನು. ಉಳಿದಿರುವುದು ಬದುಕಿರುವವರ ಋಣ.

ಅದನ್ನು ತೀರಿಸುವ ದಾರಿ ಜಯಘೋಷವಲ್ಲ, ಸತ್ಯ. ಸ್ವಾತಂತ್ರ್ಯಾನಂತರ ಮೈಸೂರಿನ ಅಶ್ವಪಡೆಯು 61ನೆಯ ಅಶ್ವದಳದಲ್ಲಿ ಲೀನವಾಯಿತು. ಕಾಲಾಳುಪಡೆಯು ಮದರಾಸು ರೆಜಿಮೆಂಟಿನ 18ನೆಯ ಪಟಾಲಮಾಯಿತು. ಹಳೆಯ ಪಡೆಗಳೇ ಇಲ್ಲವಾದ ಮೇಲೆ ಅವುಗಳ ಪರವಾಗಿ ಮಾತಾಡತಕ್ಕವು ಕಲ್ಲು, ಕಾಗದ, ಸಂಗ್ರಹಾಲಯಗಳು ಮಾತ್ರ. ಗೆದ್ದ ಫಿರಂಗಿಯನ್ನು ತೋರಿಸುವಲ್ಲಿ, ಯಾರ ಆಜ್ಞೆಯಿಂದ ಕಾದಿದರು, ಎಷ್ಟು ಮಂದಿ ಬಿದ್ದರು, ಎದುರಾಳಿಗಳಲ್ಲಿ ಎಷ್ಟು ಮನೆಗಳು ಬರಿದಾದವು ಎಂಬುದನ್ನೂ ಅವು ಹೇಳಬೇಕು. ಹೀಗೆ ಹೇಳಿದರೆ ವೀರನ ಮಾನವು ಕುಂದುವುದಿಲ್ಲ. ಮುಂದೆ ಯುದ್ಧವನ್ನು ಸಾರುವವರ ನಾಲಗೆ ಮಾತ್ರ ತುಸು ತಡವರಿಸೀತು, ಅದು ಒಳ್ಳೆಯದೇ.